ಮಿಲ್ಲಿನ ಹಳೇ ಸಾಫ್ಟ್‌ವೇರ್ ನಡೀತಾ ಇದೆ, ಆದರೂ ಬದಲಿಸಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಆಫೀಸಿನಲ್ಲಿ ಮೂರು ಕಂಪ್ಯೂಟರ್ ಇವೆ, ಮೂರೂ ವಿಂಡೋಸ್ 7. ಆಫೀಸ್ 2007, ಲೆಕ್ಕಕ್ಕೆ ಟ್ಯಾಲಿ ಇಆರ್‌ಪಿ 9 ಬಳಸುತ್ತೇವೆ. ಕಾಟಾ (ತೂಕದ) ಚೀಟಿ ಮತ್ತು ರೈತರ ಖಾತೆಗೆ 2011ರಲ್ಲಿ ನಮ್ಮೂರ ಹುಡುಗನೊಬ್ಬ ವಿಬಿಯಲ್ಲಿ (ವಿಷುಯಲ್ ಬೇಸಿಕ್) ಪ್ರೋಗ್ರಾಂ ಬರೆದುಕೊಟ್ಟಿದ್ದ. ಅವನೀಗ ಬೆಂಗಳೂರಿನಲ್ಲಿದ್ದಾನೆ. ರೈತರ ಹೆಸರು, ಊರು ಎಲ್ಲಾ 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದು. ಸಾಫ್ಟ್‌ವೇರ್ ಮಾರುವವರೊಬ್ಬರು ಬಂದು 'ಇದೆಲ್ಲಾ ತೆಗೆದುಹಾಕಿ, ನಮ್ಮ ಒಂದೇ ಪ್ಯಾಕೇಜ್ ಹಾಕಿಸಿ' ಅಂತಿದ್ದಾರೆ. ಸಾಹುಕಾರರು 'ನಡೀತಾ ಇರೋದನ್ನ ಯಾಕೆ ಮುಟ್ಟಬೇಕು' ಅಂತಾರೆ. ನಾನು ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತನ್ನೂ ಒಂದು ವಾರ ಬದಿಗಿಡಿ. ಮೊದಲು ನೀವು ದಿನಾ ಸಂಜೆ ಬ್ಯಾಕಪ್ ತೆಗೆಯುವ ಪೆನ್‌ಡ್ರೈವ್ ತಗೊಂಡು ಹೋಗಿ, ಮಿಲ್ಲಿನದ್ದಲ್ಲದ ಬೇರೆ ಕಂಪ್ಯೂಟರ್‌ನಲ್ಲಿ ತೆರೆಯಿರಿ. ನಿನ್ನೆಯ ಕಾಟಾ ಚೀಟಿ ಅದರಲ್ಲಿ ಸಿಗುತ್ತಾ ನೋಡಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ಇದೇ ಭಾಗದ ಒಂದು ಮಿಲ್ಲಿಗೆ ಹೋಗಿದ್ದೆ. ಸುಗ್ಗಿಯ ಹೊತ್ತಿನಲ್ಲಿ ಹಾರ್ಡ್ ಡಿಸ್ಕ್ ಹೋಗಿತ್ತು. ಗುಮಾಸ್ತರು ಧೈರ್ಯವಾಗಿಯೇ ಇದ್ದರು, 'ದಿನಾ ಕಾಪಿ ಮಾಡಿದ್ದೇನೆ ಸರ್' ಅಂದರು. ಪೆನ್‌ಡ್ರೈವ್ ತೆರೆದರೆ ಒಂದೇ ಒಂದು ಫೈಲು, ಅಳತೆ 2 ಕೆಬಿ. ಡೆಸ್ಕ್‌ಟಾಪ್ ಮೇಲಿದ್ದ ಐಕಾನ್ ಅನ್ನೇ ಅವರು ನಾಲ್ಕು ವರ್ಷ ಕಾಪಿ ಮಾಡಿದ್ದರು. ಅದು ಬರೀ ಬಾಗಿಲ ಮೇಲಿನ ಬೋರ್ಡು, ಒಳಗಿನ ಲೆಕ್ಕ ಅಲ್ಲ. ಆ ಮನುಷ್ಯನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ರೈತರ ಬಾಕಿ ಎಲ್ಲಾ ಚೀಟಿ ನೋಡಿ ಮತ್ತೆ ಬರೆಯಬೇಕಾಯಿತು. ನಿಮ್ಮ ಬ್ಯಾಕಪ್ ತೆರೆದರೆ ನಿಧಾನವಾಗಿ ಯೋಚಿಸಲು ಸಮಯ ಇದೆ. ತೆರೆಯದಿದ್ದರೆ ಅದನ್ನು ಸರಿ ಮಾಡುವುದೇ ಇವತ್ತಿನ ಕೆಲಸ.

ಇನ್ನು ನಿಮ್ಮ ಪ್ರಶ್ನೆ. ಇದನ್ನು ಒಂದೇ ನಿರ್ಧಾರ ಅಂದುಕೊಂಡಿದ್ದಕ್ಕೇ ಗೊಂದಲ. ನಿಮ್ಮಲ್ಲಿ ನಾಲ್ಕೈದು ಬೇರೆ ಬೇರೆ ಸಾಮಾನು ಇವೆ, ಒಂದೊಂದರ ಗಡುವು ಒಂದೊಂದು.

ತುರ್ತು ಇರುವುದು ಬ್ಯಾಂಕ್ ಮತ್ತು ಜಿಎಸ್‌ಟಿ ಕೆಲಸ ಮಾಡುವ ಕಂಪ್ಯೂಟರ್‌ಗೆ. ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ ನಿಂತಿದ್ದು 2020ರ ಜನವರಿ 14ಕ್ಕೆ. 2023ರಿಂದ ಅದಕ್ಕೆ ಹೊಸ ಕ್ರೋಮ್ ಕೂಡ ಬರುತ್ತಿಲ್ಲ, 109ನೇ ಆವೃತ್ತಿಯೇ ಕೊನೆ. ಹಾಗಂತ ಯಂತ್ರ ನಿಲ್ಲುವುದಿಲ್ಲ. ಅದಕ್ಕೇ ಸಾಹುಕಾರರಿಗೆ ಎಲ್ಲಾ ಸರಿ ಇದೆ ಅನ್ನಿಸುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ವೈರಸ್ ಬಂತಲ್ವಾ, ಅದನ್ನು ತಡೆಯುವ ಅಪ್‌ಡೇಟ್ ಆ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರ ಫೈಲುಗಳಿಗೆ ಬೀಗ ಬಿತ್ತು, ಅವುಗಳಲ್ಲಿ ಜಾಸ್ತಿ ವಿಂಡೋಸ್ 7 ಯಂತ್ರಗಳೇ. ಮುಂದೆ ಅಂಥದ್ದೊಂದು ಬಂದರೆ ನಿಮಗೆ ಹಾಕಿಕೊಳ್ಳಲು ಹೊಸ ಅಪ್‌ಡೇಟೇ ಬರುವುದಿಲ್ಲ. ಮೂರೂ ಕಂಪ್ಯೂಟರ್ ಒಂದೇ ಫೋಲ್ಡರ್ ಹಂಚಿಕೊಂಡಿದ್ದರೆ, ಒಂದಕ್ಕೆ ಬಂದದ್ದು ಮೂರಕ್ಕೂ ಬರುತ್ತದೆ. ಹಾಗಾಗಿ ಇದೊಂದನ್ನು ಈ ತಿಂಗಳೇ ಬದಲಿಸಿ.

ಬದಲಿಸುವಾಗ ಒಂದು ಎಚ್ಚರ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್‌ಗೆ ವಿಂಡೋಸ್ 10 ಹಾಕಿ ಕಡಿಮೆ ಬೆಲೆಗೆ ಕೊಡುವವರು ಇರುತ್ತಾರೆ. ಅದರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು, ಟಿಪಿಎಂ 2.0 (ಭದ್ರತೆಯ ಚಿಪ್) ಬೇಕು. ಐ5-4570 ಅಂತ ಇದ್ದರೆ ಅದು 4ನೇ ತಲೆಮಾರು, ಬೇಡ. ಐ5-8400 ಅಂತ ಇದ್ದರೆ 8ನೇದು, ಆಗಬಹುದು. ಅಡ್ಡಗೆರೆ ಆದ ಮೇಲೆ ನಾಲ್ಕು ಅಂಕಿ ಇದ್ದರೆ ಮೊದಲ ಅಂಕಿ, ಐದು ಅಂಕಿ ಇದ್ದರೆ ಮೊದಲ ಎರಡು ಅಂಕಿ ನೋಡಿದರೆ ಗೊತ್ತಾಗುತ್ತದೆ.

ಟ್ಯಾಲಿಯನ್ನು ಈ ಹೊಸ ಯಂತ್ರಕ್ಕೇ ತನ್ನಿ. ಇಆರ್‌ಪಿ 9ರ ನಂತರ ಬಂದ ಈಗಿನ ಟ್ಯಾಲಿ ಪ್ರೈಮ್ 64 ಬಿಟ್ ವಿಂಡೋಸ್ ಕೇಳುತ್ತದೆ, ನಿಮ್ಮ ಹಳೇ ಯಂತ್ರಗಳು 32 ಬಿಟ್ ಇದ್ದರೆ ಅವುಗಳಲ್ಲಿ ನಡೆಯುವುದಿಲ್ಲ. ತೆರಿಗೆ ನಿಯಮ ಬದಲಾಗುತ್ತಲೇ ಇರುತ್ತದೆ, ಮಿಲ್ಲಿನವರಿಗೆ ಇದನ್ನು ನಾನು ಹೇಳಬೇಕಿಲ್ಲ. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ 5 ಜಿಎಸ್‌ಟಿ ಬಂದಾಗ 26 ಕೆಜಿ ಚೀಲ ಹೊಲಿಸಿದವರು ನೀವೇ. 2023ರ ಆಗಸ್ಟ್ 1ರಿಂದ ವರ್ಷದ ವಹಿವಾಟು 5 ಕೋಟಿ ದಾಟಿದವರಿಗೆ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಬಿಲ್ಲು) ಬಂತು. ತೆರಿಗೆ ಇಲ್ಲದ ಅಕ್ಕಿಯ ವಹಿವಾಟೂ ಆ 5 ಕೋಟಿ ಲೆಕ್ಕಕ್ಕೆ ಸೇರುತ್ತದೆ, ಇದನ್ನು ಒಮ್ಮೆ ನಿಮ್ಮ ಆಡಿಟರ್ ಹತ್ತಿರ ಕೂತು ನೋಡಿ. ಡೇಟಾ ತರುವಾಗ ಕಾಪಿಯ ಮೇಲೆ ಮಾತ್ರ ಕೆಲಸ ಮಾಡಿ. ಪ್ರೈಮ್‌ಗೆ ಬದಲಾದ ಡೇಟಾವನ್ನು ಇಆರ್‌ಪಿ 9ರಲ್ಲಿ ಮತ್ತೆ ತೆರೆಯಲು ಆಗುವುದಿಲ್ಲ. ಎರಡೂ ಕಡೆಯ ಟ್ರಯಲ್ ಬ್ಯಾಲೆನ್ಸ್ ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟು, ಪೈಸೆ ಸಮೇತ ಹೋಲಿಸಿ.

ಆಫೀಸ್ 2007ರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಇಂಟರ್‌ನೆಟ್ ಇರುವ ಯಂತ್ರದಲ್ಲಿ ಮಾತ್ರ ಅದು ಬೇಡ, ಬೆಂಬಲ ನಿಂತಿದ್ದು 2017ರಲ್ಲೇ. ಪತ್ರ, ಸಣ್ಣಪುಟ್ಟ ಶೀಟುಗಳಿಗೆ ಉಚಿತವಾದ ಲಿಬ್ರೆಆಫೀಸ್ ಸಾಕು. ಮ್ಯಾಕ್ರೋ (ತಾನಾಗಿ ಕೆಲಸ ಮಾಡುವ ಸಣ್ಣ ಪ್ರೋಗ್ರಾಂ) ಇರುವ ಶೀಟುಗಳಿದ್ದರೆ ಒಂದೇ ಸಲ ಹಣ ಕೊಡುವ ಆಫೀಸ್ 2024 ತಗೊಳ್ಳಿ, 2029ರ ಅಕ್ಟೋಬರ್‌ವರೆಗೆ ಬೆಂಬಲ ಇದೆ. ವರ್ಷವರ್ಷ ಹಣ ಕಟ್ಟುವ ಮೈಕ್ರೋಸಾಫ್ಟ್ 365 ನಿಮ್ಮ ಕೆಲಸಕ್ಕೆ ಬೇಕಿಲ್ಲ ಅಂತ ನನ್ನ ಅನಿಸಿಕೆ.

ನನಗೆ ನಿಜವಾಗಿ ಚಿಂತೆ ಇರುವುದು ನುಡಿಯ ಹೆಸರುಗಳ ಬಗ್ಗೆ. ಹಳೇ ನುಡಿಯಲ್ಲಿ ಟೈಪ್ ಮಾಡಿದ್ದು ತೆರೆಯ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಲಸುಮೇಲೋಗರ. ರೈತನ ಮೊಬೈಲ್‌ಗೆ ಖಾತೆ ಕಳಿಸಿದರೆ ಅವನ ಹೆಸರು ಅವನೇ ಓದಲಾರ. ಯಾವ ಪ್ಯಾಕೇಜ್‌ಗೆ ಹೋದರೂ ಇದನ್ನು ಯೂನಿಕೋಡ್‌ಗೆ, ಅಂದರೆ ಎಲ್ಲಾ ಯಂತ್ರ, ಮೊಬೈಲ್‌ಗಳೂ ಓದುವ ಕನ್ನಡಕ್ಕೆ ತರಲೇಬೇಕು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಇಡೀ ಶೀಟನ್ನು ಒಟ್ಟಿಗೆ ಹಾಕಬೇಡಿ. ಐಎಫ್‌ಎಸ್‌ಸಿ ಕೋಡ್‌ನಂಥ ಇಂಗ್ಲಿಷ್ ಅಕ್ಷರಗಳನ್ನೂ ಅದು ಕನ್ನಡ ಅಂದುಕೊಂಡು ಕೆಡಿಸುತ್ತದೆ. ಹೆಸರಿನ ಕಾಲಂ, ಊರಿನ ಕಾಲಂ ಇವಿಷ್ಟನ್ನೇ ಹಾಕಿ. ಆಮೇಲೆ ಅರ್ಕಾವೊತ್ತು, ಎರಡು ಒತ್ತು ಇರುವ ಹೆಸರುಗಳನ್ನು ಕಣ್ಣಾರೆ ನೋಡಿ. ಮರ್ಲಾನಹಳ್ಳಿ ಸರಿಯಾಗಿ ಬಂದಿದೆಯಾ, ಕೃಷ್ಣಪ್ಪ ಸರಿಯಾಗಿದ್ದಾನಾ ಅಂತ. ಬೇಸರದ ಕೆಲಸ, ಆದರೆ ಅದು ರೈತನ ಹೆಸರು. ತಪ್ಪಾದರೆ ದುಡ್ಡು ಬೇರೆಯವರ ಖಾತೆಗೆ ಹೋಗಬಹುದು.

ಕಾಟಾ ಪ್ರೋಗ್ರಾಂ ಕೊನೆಗೆ ಇರಲಿ. ಅದು ನಿಮ್ಮ ಮಿಲ್ಲಿನ ರೂಢಿಗೆ ತಕ್ಕಂತೆ ಬರೆದದ್ದು. ಚೀಲದ ತೂಕ, ತೇವಾಂಶದ ಕಡಿತ, ಹಮಾಲಿ, ಮುಂಗಡ ಎಲ್ಲಾ ಅದರಲ್ಲಿದೆ. ಹಳೇ ವಿಬಿ ಪ್ರೋಗ್ರಾಂ ಹೊಸ ವಿಂಡೋಸ್‌ನಲ್ಲಿ ನಡೆಯುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಿಬಿ 6ರಲ್ಲಿ ಬರೆದದ್ದು ವಿಂಡೋಸ್ 11ರಲ್ಲೂ ಸಾಮಾನ್ಯವಾಗಿ ನಡೆಯುತ್ತದೆ. ತೊಂದರೆ ಕೊಡುವುದು ಕೇಬಲ್ಲು. ಕಾಟಾದ ಡಿಸ್‌ಪ್ಲೇಯಿಂದ ಬರುವ 9 ಪಿನ್ನಿನ, ಎರಡು ಸ್ಕ್ರೂ ಇರುವ ವೈರು ಇದೆಯಲ್ವಾ, ಅದನ್ನು ಚುಚ್ಚುವ ಜಾಗ ಹೊಸ ಕಂಪ್ಯೂಟರ್‌ಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಯುಎಸ್‌ಬಿ ಕನ್ವರ್ಟರ್ ಹಾಕಿದರೆ ಪೋರ್ಟ್ ನಂಬರ್ ಕಾಮ್ 1 ಬದಲು ಕಾಮ್ 3, ಕಾಮ್ 5 ಆಗುತ್ತದೆ. ಪ್ರೋಗ್ರಾಂ ಕಾಮ್ 1ರಲ್ಲೇ ಹುಡುಕುತ್ತಿರುತ್ತದೆ, ತೂಕ ಬರುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ನಂಬರ್ ಬದಲಿಸಿದರೆ ಸರಿಹೋಗುತ್ತದೆ. ಮೂರು ಕಾಪಿ ಚೀಟಿ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ದು ಇದಕ್ಕಿಂತ ಹಟ. ಅದನ್ನು ಮೊದಲೇ ಪರೀಕ್ಷೆ ಮಾಡಿ.

ಅಲ್ಲಿವರೆಗೆ ಕಾಟಾ ಯಂತ್ರದ ನೆಟ್ ವೈರು ಕಿತ್ತುಬಿಡಿ, ವಿಂಡೋಸ್ 7ರಲ್ಲೇ ನಡೆಯಲಿ. ಪೆನ್‌ಡ್ರೈವ್ ಕಂಡಕಂಡವರದ್ದು ಚುಚ್ಚಬೇಡಿ. ಜೊತೆಗೆ ಆ ಬೆಂಗಳೂರಿನ ಹುಡುಗನಿಗೆ ಫೋನ್ ಮಾಡಿ. ಸೋರ್ಸ್ ಕೋಡ್ (ಪ್ರೋಗ್ರಾಂನ ಮೂಲ ಬರಹ) ಮತ್ತು ಡೇಟಾಬೇಸ್ ಪಾಸ್‌ವರ್ಡ್ ಕೇಳಿ, ಸುಮ್ನೆ ಕೇಳಬೇಡಿ, ಅವನ ಕೆಲಸಕ್ಕೆ ಹಣ ಕೊಟ್ಟು ತಗೊಳ್ಳಿ. ಅವನ ಹತ್ತಿರ ಕೋಡ್ ಉಳಿದಿಲ್ಲ ಅಂದರೆ ಮಾತ್ರ ಹೊಸ ಪ್ರೋಗ್ರಾಂ ಹುಡುಕಿ. ಆಗ ಮಾರುವವರನ್ನು ಮೂರು ಮಾತು ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ. ನಮ್ಮ ಹಳೇ ಖಾತೆಗಳನ್ನು ಒಳಗೆ ತಂದುಕೊಡುತ್ತೀರಾ? ನಮ್ಮ ಡೇಟಾ ನಮಗೆ ಬೇಕಾದಾಗ ಎಕ್ಸೆಲ್‌ಗೆ ಹೊರಗೆ ಬರುತ್ತಾ? ಮುಂದಿನ ವರ್ಷ ನಾವು ಹಣ ಕಟ್ಟದಿದ್ದರೆ ಹಳೇ ಲೆಕ್ಕ ನೋಡಲು ಬಿಡುತ್ತೀರಾ? ಎರಡನೇ ಪ್ರಶ್ನೆಗೆ ತಡವರಿಸಿದರೆ ನಾನಾಗಿದ್ದರೆ ಮುಂದೆ ಮಾತಾಡುವುದಿಲ್ಲ.

ಯಾವಾಗ ಬದಲಿಸೋದು? ಆಡಿಟರ್ ಏಪ್ರಿಲ್ 1 ಅನ್ನುತ್ತಾರೆ. ಪುಸ್ತಕದ ಲೆಕ್ಕಕ್ಕೆ ಅದು ಸರಿ. ಆದರೆ ತುಂಗಭದ್ರಾ ನೀರಿನ ಊರಲ್ಲಿ ಏಪ್ರಿಲ್, ಮೇ ಅಂದರೆ ಬೇಸಿಗೆ ಭತ್ತ ಬರುವ ಹೊತ್ತು, ನವೆಂಬರ್, ಡಿಸೆಂಬರ್ ಮುಂಗಾರಿನದ್ದು. ಗೇಟಿನ ಹೊರಗೆ ಟ್ರ್ಯಾಕ್ಟರ್ ಸಾಲು ನಿಂತಿರುವಾಗ ಹೊಸ ತೆರೆ ಕಲಿಯಲು ಆಗುತ್ತದಾ? ಕಾಟಾ ಪ್ರೋಗ್ರಾಂ ಅನ್ನು ಜುಲೈ, ಆಗಸ್ಟ್‌ನಲ್ಲಿ ಮುಟ್ಟಿ. ಒಂದು ತಿಂಗಳು ಹಳೆಯದು, ಹೊಸದು ಎರಡರಲ್ಲೂ ಚೀಟಿ ಹಾಕಿ. ಡಬಲ್ ಕೆಲಸ ಅಂತ ಕಾಟಾದ ಹುಡುಗರು ಬೈಯುತ್ತಾರೆ, ಆ ತಿಂಗಳು ಅವರಿಗೆ ಸ್ವಲ್ಪ ಜಾಸ್ತಿ ಕೊಡಲು ಸಾಹುಕಾರರಿಗೆ ಹೇಳಿ.

ಎಲ್ಲಾ ಮುಗಿದ ಮೇಲೆ ಹಳೇ ಯಂತ್ರವನ್ನು ಗುಜರಿಗೆ ಕೊಡಬೇಡಿ. ಜಿಎಸ್‌ಟಿ ಲೆಕ್ಕವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಕೊಡುವ ಕೊನೆ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ನೆಟ್ ಇಲ್ಲದೆ, ಬಟ್ಟೆ ಮುಚ್ಚಿ ಒಂದು ಮೂಲೆಯಲ್ಲಿಡಿ. ಎರಡು ಮೂರು ತಿಂಗಳಿಗೊಮ್ಮೆ ಹಾಕಿ, ಹಳೇ ಖಾತೆ ತೆರೆಯುತ್ತಾ ನೋಡಿ. ಮಿಲ್ಲಿನ ತೌಡಿನ ಧೂಳು ಫ್ಯಾನಿನಲ್ಲಿ ಕೂತಿರುತ್ತದೆ, ಹಾಕುವ ಮುಂಚೆ ಅದನ್ನೊಮ್ಮೆ ಊದಿಸಿ.