ಎಪಿಸ್ಕೋಪಲ್ ಚರ್ಚಿನ ಪಾದ್ರಿಯ ಪ್ರತಿಜ್ಞೆಗಳೇನು? ಒಂದು ಸಭೆಯಲ್ಲಿ (ಸ್ಥಳೀಯ ಚರ್ಚಿನಲ್ಲಿ) ಅವರ ಕೆಲಸ ನಿಜಕ್ಕೂ ಹೇಗಿರುತ್ತದೆ?

ನಿಮ್ಮ ತಂಗಿ ಅಮೆರಿಕದಲ್ಲಿದ್ದಾಳೆ, ಅಲ್ಲಿನ ಎಪಿಸ್ಕೋಪಲ್ ಚರ್ಚಿನಲ್ಲಿ ಪಾದ್ರಿಯಾಗಬೇಕು ಅಂತಿದ್ದಾಳೆ. ಅವಳು ಏನೇನು ಮಾತು ಕೊಡಬೇಕಾಗುತ್ತದೆ, ದಿನದ ಕೆಲಸ ಹೇಗಿರುತ್ತದೆ, ಮನೆಯವರು ಹೆದರಬೇಕಾ ಅಂತ ಕೇಳಿದ್ದೀರಿ. ನಾನು ಅದೇ ಚರ್ಚಿನ ಪಾದ್ರಿ. ಮೈಸೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದವಳು. ಹಲವು ವರ್ಷಗಳಿಂದ ಒಹಾಯೋ ರಾಜ್ಯದ ಒಂದು ಚಿಕ್ಕ ಊರಿನಲ್ಲಿ ರೆಕ್ಟರ್ ಆಗಿದ್ದೇನೆ. ರೆಕ್ಟರ್ ಅಂದರೆ ನಮ್ಮ ಕಡೆಯ ಸಭಾಪಾಲಕರು.

ಇದು ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಅಮೆರಿಕದ ಕವಲು. ದೇಶ ಸ್ವತಂತ್ರವಾದ ಮೇಲೆ ಇಂಗ್ಲೆಂಡಿನ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿಕೊಂಡು ಮುಂದುವರಿಯಲು ಇಲ್ಲಿನವರಿಗೆ ಆಗುತ್ತಿರಲಿಲ್ಲ. 1789ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿ ತಮ್ಮದೇ ನಿಯಮ, ತಮ್ಮದೇ ಪ್ರಾರ್ಥನಾ ಪುಸ್ತಕ ಮಾಡಿಕೊಂಡರು. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ನಮ್ಮ ಸಿಎಸ್‌ಐ ಕೂಡ ಅದೇ ಆಂಗ್ಲಿಕನ್ ಬಳಗದ್ದು. ನಿಮ್ಮ ಮನೆಯವರು ಸಿಎಸ್‌ಐನವರಾಗಿದ್ದರೆ ತಂಗಿಗೆ ಇದು ಬೇರೆ ಮನೆ ಅನಿಸುವುದಿಲ್ಲ. ಮತ್ತೆ ದೀಕ್ಷಾಸ್ನಾನವೂ ಬೇಕಾಗುವುದಿಲ್ಲ.

ಹೆಣ್ಣುಮಕ್ಕಳಿಗೆ ಅವಕಾಶ ಇದೆಯಾ ಅಂತ ನೀವು ಕೇಳಿಲ್ಲ. ಆದರೂ ಹೇಳಿಬಿಡುತ್ತೇನೆ. 1974ರ ಜುಲೈ 29ರಂದು ಫಿಲಡೆಲ್ಫಿಯಾದ ಒಂದು ಚರ್ಚಿನಲ್ಲಿ ಹನ್ನೊಂದು ಹೆಂಗಸರು, ಅನುಮತಿ ಸಿಗುವವರೆಗೆ ಕಾಯದೆ, ಪಾದ್ರಿ ದೀಕ್ಷೆ ಪಡೆದರು. ದೊಡ್ಡ ಗಲಾಟೆಯಾಯಿತು. 1976ರಲ್ಲಿ ಚರ್ಚಿನ ಮಹಾಸಭೆ ಹೆಂಗಸರಿಗೂ ದೀಕ್ಷೆ ಕೊಡಬಹುದೆಂದು ಒಪ್ಪಿತು. 2006ರಲ್ಲಿ ಕ್ಯಾಥರೀನ್ ಜೆಫರ್ಟ್ಸ್ ಶೋರಿ ಇಡೀ ಚರ್ಚಿನ ಮುಖ್ಯ ಬಿಷಪ್ಪರಾಗಿ ಆಯ್ಕೆಯಾದರು. ಆ ಹನ್ನೊಂದು ಜನ ಅವತ್ತು ಹೆಜ್ಜೆ ಇಡದಿದ್ದರೆ ನಾನು ಇವತ್ತು ಪೀಠದ ಮುಂದೆ ನಿಲ್ಲುತ್ತಿರಲಿಲ್ಲ. ಅವರನ್ನು ನೆನೆಯದೆ ನನ್ನ ಕೆಲಸದ ಬಗ್ಗೆ ಬರೆಯಲು ಮನಸ್ಸು ಬರುವುದಿಲ್ಲ.

ದಾರಿ ಉದ್ದ ಇದೆ. "ದೇವರು ನನ್ನನ್ನು ಕರೆದಿದ್ದಾರೆ" ಅಂತ ತಂಗಿ ಹೇಳಿದರೆ ಸಾಲದು, ಬೇರೆಯವರಿಗೂ ಹಾಗೆ ಕಾಣಬೇಕು. ಮೊದಲು ಅವಳ ಸಭೆಯ ಕೆಲವರು ಅವಳ ಜೊತೆ ತಿಂಗಳುಗಟ್ಟಲೆ ಕೂತು ಮಾತಾಡುತ್ತಾರೆ. ಆಮೇಲೆ ಸಭೆಯ ಆಡಳಿತ ಸಮಿತಿ ಶಿಫಾರಸು ಮಾಡಬೇಕು. ಅದನ್ನು ಇಲ್ಲಿ ವೆಸ್ಟ್ರಿ ಅನ್ನುತ್ತಾರೆ, ನಮ್ಮ ಪಾಸ್ಟರೇಟ್ ಕಮಿಟಿ ಇದ್ದ ಹಾಗೆ. ನಂತರ ಬಿಷಪ್, ಅವರ ಆಡಳಿತದ ಪ್ರದೇಶ ಅಂದರೆ ಡಯಾಸಿಸ್ಸಿನ ಸಮಿತಿಗಳು, ವೈದ್ಯಕೀಯ ತಪಾಸಣೆ, ಮನಃಶಾಸ್ತ್ರಜ್ಞರ ಪರೀಕ್ಷೆ, ಪೊಲೀಸ್ ದಾಖಲೆ ಪರಿಶೀಲನೆ. ಹೆಚ್ಚಿನವರು ಮೂರು ವರ್ಷ ಸೆಮಿನರಿಯಲ್ಲಿ (ಪಾದ್ರಿಗಳ ತರಬೇತಿ ಕಾಲೇಜಿನಲ್ಲಿ) ಓದುತ್ತಾರೆ. ಮೊದಲು ಡೀಕನ್ (ಪಾದ್ರಿಗಿಂತ ಮೊದಲಿನ ದೀಕ್ಷೆ ಪಡೆದವರು) ಆಗಿ ಕನಿಷ್ಠ ಆರು ತಿಂಗಳು ಸೇವೆ ಮಾಡಿ, ಆಮೇಲೆ ಪಾದ್ರಿ. ಮಧ್ಯದಲ್ಲಿ ಎಲ್ಲಿ ಬೇಕಾದರೂ "ಈಗ ಬೇಡ" ಅನ್ನಬಹುದು. ಅಂಥ ಮಾತು ಬಂದರೆ ಅದನ್ನು ಅವಮಾನ ಅಂದುಕೊಳ್ಳಬೇಡಿ, ಅವಳನ್ನೂ ಹಾಗೆ ಅಂದುಕೊಳ್ಳಲು ಬಿಡಬೇಡಿ.

ಇನ್ನು ಪ್ರತಿಜ್ಞೆಗಳು. ದೀಕ್ಷೆಯ ದಿನ ಮೊದಲು ಎಲ್ಲರ ಮುಂದೆ ಒಂದು ಕಾಗದಕ್ಕೆ ಸಹಿ ಹಾಕಬೇಕು. ಹಳೆಯ ಮತ್ತು ಹೊಸ ಒಡಂಬಡಿಕೆ ದೇವರ ವಾಕ್ಯವೆಂದು ನಂಬುತ್ತೇನೆ, ಈ ಚರ್ಚಿನ ಬೋಧನೆ, ಶಿಸ್ತು, ಆರಾಧನೆಗೆ ಬದ್ಧಳಾಗಿರುತ್ತೇನೆ ಅಂತ. ಆಮೇಲೆ ಬಿಷಪ್ ಒಂದೊಂದಾಗಿ ಎಂಟು ಪ್ರಶ್ನೆ ಕೇಳುತ್ತಾರೆ. ದೇವರೂ ಸಭೆಯೂ ನಿನ್ನನ್ನು ಈ ಕೆಲಸಕ್ಕೆ ಕರೆದಿದ್ದಾರೆಂದು ನಂಬುತ್ತೀಯಾ? ಈ ಹೊಣೆಗೆ ನಿನ್ನನ್ನು ಒಪ್ಪಿಸಿಕೊಡುತ್ತೀಯಾ? ಬಿಷಪ್ಪರ ಮಾರ್ಗದರ್ಶನಕ್ಕೆ ಗೌರವ ಕೊಡುತ್ತೀಯಾ? ಬೈಬಲ್ಲನ್ನು ಶ್ರದ್ಧೆಯಿಂದ ಓದುತ್ತೀಯಾ? ವಾಕ್ಯವನ್ನೂ ಸಂಸ್ಕಾರಗಳನ್ನೂ ಜನರಿಗೆ ಮುಟ್ಟಿಸುತ್ತೀಯಾ? ನಿನ್ನ ಬದುಕು, ಮನೆಯವರ ಬದುಕು ಕ್ರಿಸ್ತನ ಬೋಧನೆಗೆ ತಕ್ಕಂತೆ ಇರಲು ಪ್ರಯತ್ನಿಸುತ್ತೀಯಾ? ಪ್ರಾರ್ಥನೆ ಬಿಡದೆ ಮಾಡುತ್ತೀಯಾ?

ಒಂದನ್ನು ಬೇಕೆಂದೇ ಬಿಟ್ಟೆ. ನಿನ್ನನ್ನು ಯಾರ ಸೇವೆಗೆ ಕರೆದಿದ್ದಾರೋ ಅವರೆಲ್ಲರಿಗೂ ನಂಬಿಗಸ್ತ ಪಾಲಕಿಯಾಗಿರುತ್ತೀಯಾ? ಬಿಷಪ್ಪರ ಉಪದೇಶದಲ್ಲೂ ಇದೇ ಮಾತಿದೆ. ಚಿಕ್ಕವರು, ದೊಡ್ಡವರು, ಬಲ ಇದ್ದವರು, ಇಲ್ಲದವರು, ಬಡವರು, ಶ್ರೀಮಂತರು, ಎಲ್ಲರನ್ನೂ ಒಂದೇ ಥರ ನೋಡಿಕೊಳ್ಳಬೇಕು ಅಂತ. ನನ್ನ ಅನುಭವದಲ್ಲಿ ಪಾದ್ರಿಯ ಬದುಕನ್ನು ದಿನಾ ಪರೀಕ್ಷೆಗೆ ಹಚ್ಚುವುದು ಈ "ಎಲ್ಲರಿಗೂ" ಅನ್ನುವ ಮಾತೇ. ನಂಬಿಕೆಯ ಪ್ರಶ್ನೆಗಳು ಬರುತ್ತವೆ, ಹೋಗುತ್ತವೆ. ಜನ ಮಾತ್ರ ಪ್ರತಿ ಭಾನುವಾರ ಎದುರಿಗೇ ಕೂತಿರುತ್ತಾರೆ.

ಇದು ಸುಮ್ನೆ ಮಾತಿಗೆ ಹೇಳುತ್ತಿಲ್ಲ, ಒಂದು ಘಟನೆ ಹೇಳುತ್ತೇನೆ. ಯಾರೆಂದು ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ನಮ್ಮ ವೆಸ್ಟ್ರಿಯಲ್ಲಿ ಒಬ್ಬ ಹಿರಿಯರಿದ್ದರು, ನಿವೃತ್ತ ಎಂಜಿನಿಯರ್. ಚಳಿಗಾಲದ ಸಂಜೆ ಚರ್ಚಿನ ಸಭಾಂಗಣವನ್ನು ಕುಡಿತ ಬಿಡಲು ಪ್ರಯತ್ನಿಸುವವರ ಗುಂಪಿಗೆ ಕೊಡೋಣ ಅಂತ ನಾನು ಹೇಳಿದೆ. ಅವರು ಖಡಾಖಂಡಿತವಾಗಿ ಬೇಡ ಅಂದರು. ನಮ್ಮ ಬಾಯ್ಲರ್ ಹಳೆಯದು, ಸಭಾಂಗಣ ಬಿಸಿ ಮಾಡುವ ಖರ್ಚು ಜಾಸ್ತಿ, ಮಾಡು ಬೇರೆ ಸೋರುತ್ತಿದೆ. ಲೆಕ್ಕದಲ್ಲಿ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಮೀಟಿಂಗ್ ಮೇಲೆ ಮೀಟಿಂಗ್ ಇದೇ ಮಾತು. ಒಮ್ಮೆ ಎಲ್ಲರ ಮುಂದೆ, "ನಿಮಗೆ ಈ ಊರು ಗೊತ್ತಿಲ್ಲ" ಅಂದರು. ಹೊರಗಿನಿಂದ ಬಂದವಳಿಗೆ ಆ ಮಾತು ಎಲ್ಲಿ ತಾಗುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ ವೋಟಿಗೆ ಹಾಕಿದೆವು, ಸಭಾಂಗಣ ಕೊಡುವುದೆಂದಾಯಿತು. ಅವರು ಮಾತು ಕಮ್ಮಿ ಮಾಡಿದರು.

ಅದೇ ಚಳಿಗಾಲದಲ್ಲಿ ಅವರ ಹೆಂಡತಿಗೆ ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂತು. ಒಂದು ರಾತ್ರಿ ಎರಡು ಗಂಟೆ ಹೊತ್ತಿಗೆ ಫೋನ್ ಬಂತು. "ಬರ್ತೀರಾ?" ಅಂದರು, ಅಷ್ಟೇ. ಹೋದೆ. ಆ ಕೋಣೆಯಲ್ಲಿ ನಾನು ಮಾಡಿದ್ದು ಬಹಳ ಕಡಿಮೆ. ಹಣೆಗೆ ಎಣ್ಣೆ ಹಚ್ಚಿದೆ. ಪ್ರಾರ್ಥನಾ ಪುಸ್ತಕದಲ್ಲಿ ಸಾಯುವವರ ಪಕ್ಕದಲ್ಲಿ ಓದುವ ಪ್ರಾರ್ಥನೆ ಇದೆ, ಆತ್ಮವನ್ನು ದೇವರ ಕೈಗೆ ಒಪ್ಪಿಸಿ ಕಳಿಸಿಕೊಡುವ ಮಾತುಗಳು. ಅದನ್ನು ಓದಿದೆ. ಉಳಿದ ಹೊತ್ತೆಲ್ಲ ಕುರ್ಚಿಯಲ್ಲಿ ಕೂತಿದ್ದೆ. ಅವರು ಒಂದು ಕೈಯಲ್ಲಿ ಹೆಂಡತಿಯ ಕೈ ಹಿಡಿದಿದ್ದರು, ಇನ್ನೊಂದು ಕೈಯಲ್ಲಿ ನನ್ನ ಪುಸ್ತಕದ ಅಂಚನ್ನು ಹಿಡಿದುಕೊಂಡಿದ್ದರು. ನಾನು ಪುಟ ತಿರುಗಿಸಬೇಕಾದಾಗ ಬಿಡುವರು, ಮತ್ತೆ ಹಿಡಿಯುವರು. ಬೆಳಗಿನ ಜಾವ ಆಕೆ ಹೋದರು.

ನಮ್ಮ ಕಡೆ ಕ್ರೈಸ್ತರಲ್ಲಿ ಮಣ್ಣು ಮಾಡುವುದೇ ರೂಢಿ, ಅಲ್ವಾ? ಇಲ್ಲಿ ಸುಡುವುದೂ ಬಹಳ ಸಾಮಾನ್ಯ. ನಮ್ಮ ಚರ್ಚಿನ ಪಕ್ಕದಲ್ಲೇ ಅದಕ್ಕಾಗಿ ಒಂದು ತೋಟ ಇದೆ. ನೆಲದಲ್ಲಿ ಗುಂಡಿ ತೋಡಿ ಬೂದಿಯನ್ನು ನೇರವಾಗಿ ಮಣ್ಣಿಗೆ ಸುರಿಯುತ್ತೇವೆ. ಬೂದಿ ಅಂದರೆ ಒಲೆಯ ಬೂದಿಯ ಹಾಗೆ ಹಗುರವಾಗಿ ಇರುವುದಿಲ್ಲ. ದಪ್ಪ ಮರಳಿನ ಥರ ಇರುತ್ತದೆ, ಕೈಯಲ್ಲಿ ಹಿಡಿದರೆ ಭಾರ, ಸುರಿಯುವಾಗ ಸದ್ದಾಗುತ್ತದೆ. ಅವರೇ ಮಂಡಿಯೂರಿ ಸುರಿದರು. "ಮಣ್ಣಿಗೆ ಮಣ್ಣು, ಬೂದಿಗೆ ಬೂದಿ, ಧೂಳಿಗೆ ಧೂಳು" ಅಂತ ನಾನು ಹೇಳುತ್ತಾ ಮೇಲೆ ಮಣ್ಣು ಹಾಕಿದೆ. ಅವರಿಗೆ ಏಳಲು ಕಷ್ಟವಾಯಿತು. ಕುಡಿತ ಬಿಡುವವರ ಆ ಗುಂಪಿಗೆ ಬರುವ ಒಬ್ಬ ಹುಡುಗ ಬಂದು ತೋಳು ಹಿಡಿದು ಎಬ್ಬಿಸಿದ.

ಇಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಎರಡು ತಿಂಗಳಾದ ಮೇಲೆ ವೆಸ್ಟ್ರಿಯಲ್ಲಿ ಅವರು ಮತ್ತೆ ಬಾಯ್ಲರ್ ಲೆಕ್ಕ ತೆಗೆದರು, ಮತ್ತೆ ವಿರೋಧಿಸಿದರು. ಅವರ ಅಭಿಪ್ರಾಯ ಬದಲಾಗಬೇಕು ಅಂತ ನಾನು ಹೋಗಿರಲಿಲ್ಲವಲ್ಲ. ನನ್ನ ಮಾತಿಗೆ ಹೂಂ ಅನ್ನುವವರ ಮನೆಗೂ ಹೋಗಬೇಕು, ಉಹೂಂ ಅನ್ನುವವರ ಮನೆಗೂ ಅಷ್ಟೇ ಬೇಗ ಹೋಗಬೇಕು. ನಾನು ಕೊಟ್ಟ ಮಾತು ಅದೇ.

ಸಿಎಸ್‌ಐಗೂ ಇಲ್ಲಿಗೂ ಇರುವ ಒಂದು ದೊಡ್ಡ ವ್ಯತ್ಯಾಸ ನಿಮ್ಮ ಮನೆಯವರಿಗೆ ಗೊತ್ತಿರಲಿ. ನಮ್ಮಲ್ಲಿ ಡಯಾಸಿಸ್ ಪಾದ್ರಿಯನ್ನು ಕೆಲವು ವರ್ಷಕ್ಕೊಮ್ಮೆ ವರ್ಗ ಮಾಡುತ್ತದೆ. ಇಲ್ಲಿ ರೆಕ್ಟರನ್ನು ವೆಸ್ಟ್ರಿ ಹುಡುಕಿ, ಸಂದರ್ಶನ ಮಾಡಿ ಆರಿಸುತ್ತದೆ. ಬಿಷಪ್ಪರ ಒಪ್ಪಿಗೆಯೂ ಬೇಕು, ಆದರೆ ಆಯ್ಕೆ ಸಭೆಯದು. ಒಮ್ಮೆ ನೇಮಕವಾದರೆ ವೆಸ್ಟ್ರಿಗೆ ಮನಸ್ಸು ಬಂದಾಗ ತೆಗೆದುಹಾಕಲು ಬರುವುದಿಲ್ಲ. ಜಗಳ ಹೆಚ್ಚಾದರೆ ಬಿಷಪ್ ಮಧ್ಯ ಬರಬೇಕು. ಈ ಭದ್ರತೆ ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ. ಸಂಬಳ ಕೊಡುವವರ ಮುಖ ನೋಡಿಕೊಂಡು ಪ್ರಸಂಗ ಮಾಡಬೇಕಾಗಿ ಬಂದರೆ ಪಾದ್ರಿ ಯಾಕೆ ಬೇಕು?

ದುಡ್ಡಿನ ವಿಷಯ ಬಂತು, ಹೇಳಿಬಿಡುತ್ತೇನೆ. ಬದುಕಲು ಸಾಕು, ಕೂಡಿಡಲು ಕಷ್ಟ. ಪಿಂಚಣಿ ಚೆನ್ನಾಗಿದೆ. 1917ರಿಂದ ನಡೆದುಕೊಂಡು ಬಂದಿರುವ ಚರ್ಚಿನ ಪಿಂಚಣಿ ನಿಧಿಗೆ ಸಭೆಯೇ ನಮ್ಮ ಸಂಬಳ ಮತ್ತು ವಸತಿಯ ಲೆಕ್ಕದ ಮೇಲೆ ಶೇ. 18ರಷ್ಟು ಕಟ್ಟುತ್ತದೆ. 72ಕ್ಕೆ ನಿವೃತ್ತಿ ಕಡ್ಡಾಯ. ಆದರೆ ಅನೇಕ ಚಿಕ್ಕ ಸಭೆಗಳಿಗೆ ಪೂರ್ತಿ ಸಂಬಳ ಕೊಡುವ ಶಕ್ತಿ ಇಲ್ಲ. ಅರ್ಧ ದಿನ ಚರ್ಚು, ಅರ್ಧ ದಿನ ಶಾಲೆ ಅಥವಾ ಆಸ್ಪತ್ರೆ ಕೆಲಸ ಮಾಡುವ ಪಾದ್ರಿಗಳು ತುಂಬಾ ಜನ ಇದ್ದಾರೆ. ತಂಗಿಗೆ ಈಗ ಇರುವ ವೃತ್ತಿಯನ್ನು ಪೂರ್ತಿ ಕೈಬಿಡಬೇಡ ಅಂತ ಹೇಳಿ.

ಇನ್ನೊಂದು ದುಡ್ಡು ನನ್ನ ಕೈಯಲ್ಲಿರುತ್ತದೆ, ಕಷ್ಟದಲ್ಲಿರುವವರಿಗಾಗಿ. ತಿಂಗಳಲ್ಲಿ ಒಂದು ಭಾನುವಾರ ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆಯ) ಹೊತ್ತಿನಲ್ಲಿ ಬರುವ ಬಿಡಿ ಕಾಣಿಕೆ ದಾನಕ್ಕೆಂದೇ ಪಾದ್ರಿಯ ಕೈಗೆ ಬರಬೇಕು ಅಂತ ಚರ್ಚಿನ ಕಾನೂನಿನಲ್ಲೇ ಇದೆ. ವಾರದ ಮಧ್ಯೆ ಬಾಗಿಲು ತಟ್ಟುವವರು ಈ ದುಡ್ಡಿಗಾಗಿ ಬರುತ್ತಾರೆ. ಕರೆಂಟ್ ಬಿಲ್ ಕಟ್ಟಿಲ್ಲ, ನಾಳೆ ಕನೆಕ್ಷನ್ ಕಿತ್ತುಹಾಕುತ್ತಾರೆ. ಬಾಡಿಗೆ ಬಾಕಿ. ಕೆಲಸಕ್ಕೆ ಹೋಗಲು ಕಾರಿಗೆ ಪೆಟ್ರೋಲ್ ಇಲ್ಲ. ನಾನು ನಗದು ಕೊಡುವುದಿಲ್ಲ, ನೇರವಾಗಿ ಕಂಪನಿಗೋ ಮನೆ ಮಾಲೀಕರಿಗೋ ಕಟ್ಟುತ್ತೇನೆ. ಲೆಕ್ಕ ಇಡುತ್ತೇನೆ, ವರ್ಷಕ್ಕೊಮ್ಮೆ ಆಡಿಟ್ ಆಗುತ್ತದೆ. ಆದರೆ ಯಾರಿಗೆ ಕೊಟ್ಟೆ ಅಂತ ಸಭೆಯಲ್ಲಿ ಯಾರಿಗೂ ಹೇಳುವುದಿಲ್ಲ. ಒಮ್ಮೊಮ್ಮೆ ಭಾನುವಾರ ಮುಂದಿನ ಸಾಲಿನಲ್ಲಿ ಒಳ್ಳೆಯ ಕೋಟು ಹಾಕಿಕೊಂಡು ಕೂತವರೇ ಆ ಮಂಗಳವಾರ ಬಂದವರಾಗಿರುತ್ತಾರೆ.

ಪಾಪನಿವೇದನೆಯ ಗುಟ್ಟಂತೂ ಇದಕ್ಕಿಂತ ಬಿಗಿ. ಎಪಿಸ್ಕೋಪಲ್ ಚರ್ಚಿನಲ್ಲೂ ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳುವ ಪದ್ಧತಿ ಇದೆ. ಯಾರು ಬೇಕಾದರೂ ಮಾಡಬಹುದು, ಯಾರಿಗೂ ಕಡ್ಡಾಯವಿಲ್ಲ. ಬರುವವರು ಕಮ್ಮಿ. ಆದರೆ ಬಂದವರು ಹೇಳಿದ್ದನ್ನು ಸಾಯುವವರೆಗೆ ಯಾರಿಗೂ, ಗಂಡನಿಗೂ, ಹೇಳುವಂತಿಲ್ಲ. ನಮ್ಮ ಮನೆಯವರು ನನ್ನ ಮುಖ ನೋಡಿ ಏನೋ ಆಗಿದೆ ಅಂತ ತಿಳಿದುಕೊಳ್ಳುತ್ತಾರೆ, ಕೇಳುವುದಿಲ್ಲ. ಕಾಫಿ ಮಾಡಿ ಕೊಡುತ್ತಾರೆ. ಪಾದ್ರಿಯನ್ನು ಮದುವೆಯಾದವರೂ ತಾವು ಕೊಡದ ಪ್ರತಿಜ್ಞೆಯನ್ನು ಹೊರುತ್ತಾರೆ, ಅದನ್ನು ಯಾರೂ ಸಾಕಷ್ಟು ಹೇಳುವುದಿಲ್ಲ.

ಪ್ರಸಂಗ, ಬೈಬಲ್ ಪಾಠ, ಮದುವೆ ಮುಂಚಿನ ಸಮಾಲೋಚನೆ, ಮೀಟಿಂಗುಗಳು, ಇಮೇಲು, ಇವು ಹೇಗೂ ಇದ್ದೇ ಇರುತ್ತವೆ. ತಂಗಿ ಕಲಿತುಕೊಳ್ಳುತ್ತಾಳೆ.

ಕಲಿಯಲು ಕಷ್ಟವಾದದ್ದು ಬಿಟ್ಟು ಹೋಗುವುದು. ಒಂದು ಸಭೆ ಬಿಟ್ಟ ಮೇಲೆ ಪಾದ್ರಿ ಅಲ್ಲಿಗೆ ಹಿಂದಿರುಗಿ ಮದುವೆ, ಶವಸಂಸ್ಕಾರ, ದೀಕ್ಷಾಸ್ನಾನ ಮಾಡಿಸಬಾರದು ಅನ್ನುವ ಕಟ್ಟುನಿಟ್ಟಾದ ರೂಢಿ ಇದೆ. ಹೊಸ ರೆಕ್ಟರ್ ಕರೆದರೆ ಮಾತ್ರ ಬೇರೆ ಮಾತು. ಮೊದಲ ಸಭೆಯಲ್ಲಿ ನಾನು ಎತ್ತಿಕೊಂಡು ನೀರು ಹಾಕಿದ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಅಲ್ಲಿಯ ಒಬ್ಬ ಅಜ್ಜಿ ತೀರಿಕೊಂಡಾಗ ಅವರ ಮಗಳು ಫೋನ್ ಮಾಡಿ, ನೀವೇ ಬಂದು ಮಾಡಬೇಕು ಅಂತ ಅತ್ತಳು. ನಿಮ್ಮ ಈಗಿನ ಪಾದ್ರಿಯನ್ನು ಕೇಳಮ್ಮ, ಅವರೇ ಈಗ ನಿಮ್ಮವರು ಅಂದೆ. ಹೋಗಲಿಲ್ಲ. ಅವತ್ತು ಆ ಹೊತ್ತಿಗೆ ಸರಿಯಾಗಿ ಇಲ್ಲೇ ಚರ್ಚಿನಲ್ಲಿ ಒಬ್ಬಳೇ ಕೂತು ಅದೇ ಪ್ರಾರ್ಥನೆಗಳನ್ನು ಓದಿದೆ. ಈ ರೂಢಿ ಸರಿ ಅಂತಲೇ ನಂಬುತ್ತೇನೆ. ಹಳೆಯ ಪಾದ್ರಿ ಬಾಗಿಲಲ್ಲೇ ನಿಂತಿದ್ದರೆ ಹೊಸಬರು ಒಳಗೆ ಬರುವುದು ಹೇಗೆ?

ಮನೆಯವರು ಹೆದರಬೇಕಾ ಅಂತ ಕೇಳಿದಿರಿ. ನನ್ನನ್ನು ಕೇಳಿದರೆ ಹೆದರಬೇಕಾದದ್ದು ಒಂದೇ, ಒಂಟಿತನ. ಇಡೀ ಊರು ಪಾದ್ರಿಗೆ ಕಷ್ಟ ಹೇಳಿಕೊಳ್ಳುತ್ತದೆ, ಪಾದ್ರಿ ಅದೇ ಊರಿನಲ್ಲಿ ಹೇಳಿಕೊಳ್ಳುವಂತಿಲ್ಲ. ನನಗೆ ಬೇರೆ ಊರಿನ ಒಬ್ಬ ಹಿರಿಯ ಪಾದ್ರಿ ಇದ್ದಾರೆ, ತಿಂಗಳಿಗೊಮ್ಮೆ ಹೋಗಿ ಎಲ್ಲ ಹೇಳಿಕೊಳ್ಳುತ್ತೇನೆ. ವಾರದಲ್ಲಿ ಒಂದು ದಿನ ರಜೆ, ಯಾರಾದರೂ ಸಾವಿನ ಹತ್ತಿರ ಇದ್ದರೆ ಮಾತ್ರ ಫೋನ್ ತೆಗೆಯುತ್ತೇನೆ. ಬೆಳಗಿನ ಪ್ರಾರ್ಥನೆಯನ್ನು ಕನ್ನಡ ಬೈಬಲ್ ಇಟ್ಟುಕೊಂಡು ಮಾಡುತ್ತೇನೆ, ಬೇರೆ ಭಾಷೆಯಲ್ಲಿ ದಿನವಿಡೀ ಮಾತಾಡುವವಳಿಗೆ ಅದು ಬೇಕಾಗುತ್ತದೆ. ಮೈಸೂರಿನಿಂದ ಅಕ್ಕ ಭಾನುವಾರ ರಾತ್ರಿ ಫೋನ್ ಮಾಡುತ್ತಾಳೆ, ಚರ್ಚಿನ ವಿಷಯ ಎತ್ತುವುದೇ ಇಲ್ಲ. ಮಾವಿನಕಾಯಿ ಉಪ್ಪಿನಕಾಯಿ, ಪಕ್ಕದ ಮನೆ ಮದುವೆ, ಇಂಥದ್ದೇ. ನೀವೂ ಹಾಗೆ ಮಾಡಿ.

ತಂಗಿಗೆ ನನ್ನ ಸಲಹೆ ಇಷ್ಟು. ಅರ್ಜಿ ಹಾಕುವ ಮೊದಲು ಅವಳ ಚರ್ಚಿನ ರೆಕ್ಟರನ್ನು ಕೇಳಿ ಒಂದು ವರ್ಷ ವೆಸ್ಟ್ರಿ ಮೀಟಿಂಗುಗಳಲ್ಲಿ ಕೂರಲಿ. ಮನೆಯಿಂದ ಹೊರಗೆ ಬರಲಾಗದವರಿಗೆ ಕರ್ತನ ಭೋಜನ ಒಯ್ದು ಕೊಡುವ ಸೇವೆಯನ್ನು ಪಾದ್ರಿ ಅಲ್ಲದವರೂ ತರಬೇತಿ ಮತ್ತು ಬಿಷಪ್ಪರ ಅನುಮತಿ ಪಡೆದು ಮಾಡಬಹುದು, ಅದನ್ನೂ ಮಾಡಲಿ. ಬಜೆಟ್ ಜಗಳ ನೋಡಿದ ಮೇಲೂ, ಕಾಯಿಲೆಯ ಕೋಣೆಗಳಲ್ಲಿ ಕೂತ ಮೇಲೂ ಅವಳಿಗೆ ಇದೇ ಬೇಕು ಅನಿಸಿದರೆ ಬಿಷಪ್ಪರಿಗೆ ಪತ್ರ ಬರೆಯಲಿ. ಯಾವ ಡಯಾಸಿಸ್ ಅಂತ ತಿಳಿಸಿದರೆ ಅಲ್ಲಿ ಅವಳು ಮೊದಲು ಯಾರನ್ನು ಕಾಣಬೇಕು ಅಂತ ಇಲ್ಲೇ ಕಾಮೆಂಟಿನಲ್ಲಿ ಹೇಳುತ್ತೇನೆ.