ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಬೊಗೊಲಾನ್ ಬಟ್ಟೆಯಲ್ಲಿ ದಿಂಬಿನ ಕವರ್ ಮಾಡಿಸುವಾಗ ಅಲ್ಲಿನ ಕುಶಲಕರ್ಮಿಗಳೊಂದಿಗೆ ಹೇಗೆ ಕೆಲಸ ಮಾಡಬೇಕು?

ಮೊದಲು ನಿಮ್ಮ ಅಳತೆಯನ್ನು ಅವರ ಮಗ್ಗಕ್ಕೆ ಹೊಂದಿಸಿಕೊಳ್ಳಿ. ಬೊಗೊಲಾನ್ ಎಂಬುದು ಅಗಲವಾದ ಥಾನಲ್ಲ, ಗಂಡಸರು ಕಿರುಮಗ್ಗದಲ್ಲಿ ನೇಯ್ದ ಹತ್ತಿಯ ಪಟ್ಟಿಗಳನ್ನು ಅಂಚಿಗೆ ಅಂಚು ಕೂಡಿಸಿ ಹೊಲಿದ ಬಟ್ಟೆ. ಅದನ್ನು ಎಲೆಗಳ ಕಷಾಯದಲ್ಲಿ ಅದ್ದಿ, ಹಳದಿ ಹಿಡಿದ ಮೇಲೆ ಬಿಸಿಲಿಗೆ ಒಣಗಿಸಿ, ಮಡಕೆಯಲ್ಲಿ ಬಹುಕಾಲ ಹುದುಗಿಸಿಟ್ಟ ಕೆಸರಿನಿಂದ ಚಿತ್ತಾರದ ಸುತ್ತಲಿನ ಜಾಗವನ್ನು ತುಂಬುವುದು ಸಾಂಪ್ರದಾಯಿಕವಾಗಿ ಹೆಂಗಸರ ಕೆಲಸ. ಕೆಸರಿನಲ್ಲಿರುವ ಕಬ್ಬಿಣವು ಎಲೆಯ ಒಗರು ಅಂಶವಾದ ಟ್ಯಾನಿನ್‌ನೊಡನೆ ಸೇರಿ ಕಪ್ಪಾಗುತ್ತದೆ. ತೊಳೆದರೆ ಮಣ್ಣು ಹೋಗಿ ಬಣ್ಣ ಉಳಿಯುತ್ತದೆ. ಇದೆಲ್ಲ ಕೈಕೆಲಸವಾದ್ದರಿಂದ, 20 ಕವರ್‌ ಮಾಡಿಸಿದರೆ 20 ಕವರ್‌ಗಳೂ ಪಡಿಯಚ್ಚಿನಂತಿರಬೇಕು ಎನ್ನುವವರು, ನನ್ನ ಅಭಿಪ್ರಾಯದಲ್ಲಿ, ಅಚ್ಚು ಹಾಕಿದ ಬಟ್ಟೆಯನ್ನೇ ಕೊಳ್ಳುವುದು ಮೇಲು. ಗಾಢ ಕಪ್ಪಿಗೆ ಕೆಸರನ್ನು ಮತ್ತೆ ಮತ್ತೆ ಬಳಿದು ಒಣಗಿಸಬೇಕಾದ್ದರಿಂದ ಮಳೆಗಾಲದಲ್ಲಿ ಗಡುವು ಹಾಕಬೇಡಿ, ನೂಲಿಗೆ ಮುಂಗಡ ಕೊಡಿ.