ತಡವಾದ ಪ್ರಾಜೆಕ್ಟಿಗೆ ಇನ್ನಷ್ಟು ಜನ ಬೇಕೇ?

ಟೀಮ್ ಲೀಡ್ ಆಗಿ ಎರಡು ತಿಂಗಳಾಗಿದೆ, ಆರು ಜನರ ಸಾಫ್ಟ್‌ವೇರ್ ತಂಡದ ಕೆಲಸ ಒಂದೂವರೆ ತಿಂಗಳು ಹಿಂದೆ ಬಿದ್ದಿದೆ, ಬೆಂಚ್‌ನಲ್ಲಿರುವ, ಅಂದರೆ ಸದ್ಯ ಯಾವ ಪ್ರಾಜೆಕ್ಟೂ ಇಲ್ಲದ ನಾಲ್ವರನ್ನು ಕೊಡುತ್ತೇವೆಂದು ಮೇಲಿನವರು ಹೇಳುತ್ತಿದ್ದಾರೆ, ಒಪ್ಪಿಕೊಳ್ಳಲೇ, ಹೊಸ ಮ್ಯಾನೇಜರ್‌ಗಳು ಸಾಮಾನ್ಯವಾಗಿ ಎಡವುವುದೆಲ್ಲಿ ಎಂದು ಕೇಳಿದ್ದೀರಿ. ನಾಲ್ವರನ್ನೂ ಒಪ್ಪಿಕೊಳ್ಳಬೇಡಿ ಎಂಬುದು ಮೊದಲ ಪ್ರಶ್ನೆಗೆ ನನ್ನ ಉತ್ತರ. ಎರಡನೆಯ ಪ್ರಶ್ನೆಯ ಉತ್ತರವೂ ಬಹುಮಟ್ಟಿಗೆ ಅದರೊಳಗೇ ಇದೆ.

ಭತ್ತದ ನಾಟಿಗೆ ಆಳು ಹೆಚ್ಚಿದಷ್ಟೂ ಗದ್ದೆ ಬೇಗ ಮುಗಿಯುತ್ತದೆ, ಏಕೆಂದರೆ ಒಬ್ಬರ ಸಾಲಿಗೂ ಪಕ್ಕದವರ ಸಾಲಿಗೂ ಮಾತುಕತೆಯ ಅಗತ್ಯವಿಲ್ಲ. ಸಾಫ್ಟ್‌ವೇರ್ ಹಾಗಲ್ಲ. ಆರು ಜನರಿದ್ದಾಗ ಇಬ್ಬಿಬ್ಬರ ನಡುವಿನ ಸಂಪರ್ಕದ ಎಳೆಗಳು 15. ನಾಲ್ವರು ಸೇರಿ ಹತ್ತು ಜನರಾದಾಗ ಅವು 45. ಐಬಿಎಂನಲ್ಲಿ ಸಿಸ್ಟಮ್/360 ಎಂಬ ಕಂಪ್ಯೂಟರ್‌ಗಳ ಆಪರೇಟಿಂಗ್ ಸಿಸ್ಟಮ್ ಕೆಲಸವನ್ನು ಮುನ್ನಡೆಸಿದ್ದ ಫ್ರೆಡ್ ಬ್ರೂಕ್ಸ್, ಆ ಕೆಲಸ ತಡವಾದ ಅನುಭವದ ಮೇಲೆ 1975ರಲ್ಲೇ ಇದನ್ನು ಬರೆದರು: ತಡವಾಗಿರುವ ಪ್ರಾಜೆಕ್ಟಿಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ. ಈ ಮಾತನ್ನು ತಾವು ವಿಪರೀತ ಸರಳಗೊಳಿಸಿ ಹೇಳುತ್ತಿರುವುದಾಗಿ ಅವರೇ ಒಪ್ಪಿಕೊಂಡಿದ್ದರೆಂಬುದನ್ನು ಉದ್ಧರಿಸುವವರು ಮರೆಯುತ್ತಾರೆ. ಆರಂಭದಲ್ಲೇ ಸೇರಿದವರು, ಅಥವಾ ಉಳಿದ ಭಾಗಗಳಿಗೆ ಅಂಟಿಕೊಳ್ಳದ ಕೆಲಸ ಸಿಕ್ಕವರು, ಖಂಡಿತ ನೆರವಾಗುತ್ತಾರೆ.

ನಾನು ಇದನ್ನು ಓದಿಯೂ ಕಲಿಯಲಿಲ್ಲ. ಬೆಂಗಳೂರಿನ ಒಂದು ಕಂಪನಿಯಲ್ಲಿ ವಿಮಾ ಗ್ರಾಹಕರೊಬ್ಬರ ಕೆಲಸ ತಡವಾದಾಗ ನಮ್ಮ ಐವರ ತಂಡಕ್ಕೆ ಮೂವರನ್ನು ಸೇರಿಸಿಕೊಂಡೆ. ಪ್ರೀಮಿಯಂ ಲೆಕ್ಕಾಚಾರದ ಒಳಹೊರಗು ಬಲ್ಲ ಇಬ್ಬರು ಹಿರಿಯರು ಬೆಳಿಗ್ಗೆಯೆಲ್ಲ ಹೊಸಬರಿಗೆ ವಿವರಿಸುತ್ತ, ಮಧ್ಯಾಹ್ನ ಅವರ ಕೋಡ್ ರಿವ್ಯೂ ಮಾಡುತ್ತ, ತಮ್ಮ ಪಾಲಿನ ಕೆಲಸಕ್ಕೆ ರಾತ್ರಿ ಕೂರತೊಡಗಿದರು. ಪೈಸೆಗಳನ್ನು ರೂಪಾಯಿಗೆ ಸರಿಹೊಂದಿಸುವ ನಿಯಮ ಆಗಲೇ ಒಂದು ಕಡೆ ಇತ್ತೆಂಬುದು ತಿಳಿಯದೆ ಹೊಸಬರೊಬ್ಬರು ಅದನ್ನು ಇನ್ನೊಂದು ಕಡೆ ಬೇರೆ ರೀತಿಯಲ್ಲಿ ಬರೆದರು. ಎರಡು ಪರದೆಗಳಲ್ಲಿ ಒಂದೇ ಪಾಲಿಸಿಗೆ ಒಂದು ರೂಪಾಯಿ ವ್ಯತ್ಯಾಸ ಬಂದು, ಅದನ್ನು ಪತ್ತೆಹಚ್ಚಲು ನಾಲ್ಕು ದಿನ ಹಿಡಿಯಿತು. ತಪ್ಪು ಆ ಹುಡುಗನದಲ್ಲ, ಹೇಳಿಕೊಡಲು ಪುರುಸೊತ್ತಿಲ್ಲದ ಹೊತ್ತಿನಲ್ಲಿ ಅವನನ್ನು ಕರೆತಂದ ನನ್ನದು. ತಲೆಗಿಷ್ಟು ಎಂದು ಗ್ರಾಹಕರಿಗೆ ಬಿಲ್ ಮಾಡುವ ಸೇವಾ ಕಂಪನಿಗಳಲ್ಲಿ ಜನ ಹೆಚ್ಚಿದರೆ ಆದಾಯವೂ ಹೆಚ್ಚುವುದರಿಂದ, ಇಂಥ ಸಲಹೆ ಬಂದಾಗ ಯಾರೂ ತಡೆಯುವುದಿಲ್ಲ ಎಂಬುದನ್ನೂ ಗಮನದಲ್ಲಿಟ್ಟುಕೊಳ್ಳಿ.

ಆದರೆ ಒಂದೂವರೆ ತಿಂಗಳ ವಿಳಂಬ ಈಗ ಏಕಾಏಕಿ ಬೆಳಕಿಗೆ ಬಂದಿದ್ದರೆ, ಅದಕ್ಕಿಂತ ಹಳೆಯ ತಪ್ಪೊಂದು ಅಂದಾಜಿನಲ್ಲಿ ಅಡಗಿರುತ್ತದೆ. ಎಂಜಿನಿಯರ್ ‘ಮೂರು ವಾರದಲ್ಲಿ ಆಗಬಹುದು’ ಎನ್ನುತ್ತಾರೆ. ನಮ್ಮ ಎಕ್ಸೆಲ್ ಹಾಳೆಯಲ್ಲಿ ಅದು ‘ಮೂರು ವಾರ’ ಆಗುತ್ತದೆ, ಗ್ರಾಹಕರಿಗೆ ಹೋಗುವ ಮೇಲ್‌ನಲ್ಲಿ ಒಂದು ತಾರೀಖಾಗುತ್ತದೆ. ಆ ‘ಬಹುದು’ ಎಲ್ಲಿ ಉದುರಿಹೋಯಿತೆಂದು ಯಾರಿಗೂ ನೆನಪಿರುವುದಿಲ್ಲ. ತಾರೀಖು ತಪ್ಪಿದಾಗ ಎಲ್ಲರೆದುರು ಆ ಎಂಜಿನಿಯರನ್ನು ತರಾಟೆಗೆ ತೆಗೆದುಕೊಂಡರೆ, ಮುಂದಿನ ಸಲ ಅವರು ಸುರಕ್ಷತೆಗಾಗಿ ಆರು ವಾರ ಹೇಳುತ್ತಾರೆ, ಇಲ್ಲವೇ ಕೊನೆಯ ದಿನದವರೆಗೂ ‘ಶೇ 90 ಮುಗಿದಿದೆ’ ಎನ್ನುತ್ತಿರುತ್ತಾರೆ. ದಿನವೂ ಸ್ಟ್ಯಾಂಡ್‌ಅಪ್ ಎಂಬ ಪುಟ್ಟ ಸಭೆ ನಡೆಸಿದರೂ ಕೆಟ್ಟ ಸುದ್ದಿ ನಿಮ್ಮ ಕಿವಿಗೆ ಬೀಳದಿರುವುದು ಹೀಗೆ. ನನ್ನ ತಂಡದಲ್ಲಿ ‘ಇದರಲ್ಲಿ ನಿಮಗೆ ಗೊತ್ತಿಲ್ಲದಿರುವುದು ಏನು?’ ಎಂದು ಕೇಳತೊಡಗಿದ ಮೇಲೆಯೇ ನಿಜವಾದ ಅಡಚಣೆಗಳು ಹೊರಬಂದವು.

ಅಂಕಿಗಳಿಂದ ಜನರನ್ನು ಅಳೆಯುವ ಚಪಲದ ಬಗ್ಗೆ ಒಂದು ಪ್ರಸಂಗ ಸಾಕು. 1982ರಲ್ಲಿ ಆಪಲ್‌ನ ಲಿಸಾ ಕಂಪ್ಯೂಟರ್‌ನ ತಂಡದಲ್ಲಿ ಪ್ರತಿ ವಾರ ಎಷ್ಟು ಸಾಲು ಕೋಡ್ ಬರೆದಿರೆಂದು ನಮೂನೆಯಲ್ಲಿ ತುಂಬಬೇಕಿತ್ತು. ಗ್ರಾಫಿಕ್ಸ್‌ನ ಒಂದು ಭಾಗವನ್ನು ಸರಳಗೊಳಿಸಿ, ವೇಗವನ್ನೂ ಹೆಚ್ಚಿಸಿ, ಸುಮಾರು 2000 ಸಾಲುಗಳನ್ನು ತೆಗೆದುಹಾಕಿದ್ದ ಬಿಲ್ ಅಟ್ಕಿನ್‌ಸನ್ ಆ ವಾರ −2000 ಎಂದು ಬರೆದುಕೊಟ್ಟರು. ಕೆಲವು ವಾರಗಳ ನಂತರ ಅವರಿಂದ ಆ ನಮೂನೆ ಕೇಳುವುದು ನಿಂತಿತು. ಇಂದು ಸಾಲುಗಳ ಜಾಗದಲ್ಲಿ ಸ್ಟೋರಿ ಪಾಯಿಂಟ್‌ಗಳಿವೆ (ಕೆಲಸದ ಗಾತ್ರಕ್ಕೆ ತಂಡವೇ ಕೊಡುವ ಅಂದಾಜು ಅಂಕಗಳು), ಮತ್ತು ಎರಡು ತಂಡಗಳ ಪಾಯಿಂಟ್‌ಗಳನ್ನು ಹೋಲಿಸಿದ ಮರುತಿಂಗಳೇ ಎರಡೂ ತಂಡಗಳ ಪಾಯಿಂಟ್‌ಗಳು ಏರಿರುವುದನ್ನು ನಾನು ಕಂಡಿದ್ದೇನೆ.

ಇನ್ನು ನಿಮ್ಮ ಸಂಗತಿ. ಮೇಲಿನವರಿಗೆ ಪೂರ್ತಿ ಇಲ್ಲವೆನ್ನಲಾಗದಿದ್ದರೆ ಒಬ್ಬರನ್ನು ಮಾತ್ರ ಕೇಳಿ ಪಡೆದು, ಅವರಿಗೆ ಟೆಸ್ಟಿಂಗ್ ಅಥವಾ ಬಿಡುಗಡೆಯ ತಯಾರಿಯಂಥ, ಹಳಬರ ಸಮಯವನ್ನು ಹೆಚ್ಚು ಬೇಡದ ಕೆಲಸ ಕೊಡಿ. ಉಳಿದ ಕೆಲಸಗಳ ಪಟ್ಟಿಯನ್ನು ತಂಡದೊಂದಿಗೆ ಕುಳಿತು ಮತ್ತೆ ಅಂದಾಜು ಮಾಡಿ, ಮೊದಲ ಬಿಡುಗಡೆಗೆ ಯಾವುದು ಇಲ್ಲದಿದ್ದರೂ ನಡೆಯುತ್ತದೆಂದು ಗ್ರಾಹಕರನ್ನೇ ಕೇಳಿ. ಈ ಮಾತುಕತೆಯನ್ನು ಒಂದು ವಾರವೂ ಮುಂದೂಡಬೇಡಿ. ನಾನು ಆ ವಿಮಾ ಗ್ರಾಹಕರ ಬಳಿ ಹೋಗಿ, ಹನ್ನೊಂದು ವರದಿಗಳಲ್ಲಿ ಒಂದನ್ನೂ ಮೊದಲ ಬಿಡುಗಡೆಯಲ್ಲಿ ಕೊಡಲಾಗದೆಂದು ಹೇಳಲು ಇಪ್ಪತ್ತು ದಿನ ಹಿಂಜರಿದಿದ್ದೆ. ಅವರು ಪಟ್ಟಿಯನ್ನು ನೋಡಿ, ತಿಂಗಳ ಕೊನೆಗೆ ಎರಡು ಬೇಕೇ ಬೇಕು, ಉಳಿದವುಗಳನ್ನು ಯಾರು ಕೇಳಿದ್ದರೆಂದು ತಮಗೂ ನೆನಪಿಲ್ಲ ಎಂದರು.